ವರ್ಲೀನ್ ಅಂಗಳ ಗುಡಿಸುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಳದಂಚಿನ ತೊರೆಯ ದಂಡೆಯಲ್ಲಿ ಗೋಣಿಚೀಲ ಹಾಸಿ ಮಂಡಿಯೂರಿರುವ ವರ್ಲೀನ್ ಕ್ಯಾಂಟ್ರೆಲ್, ಕೊಳೆತ ಓಕ್ ಎಲೆಗಳನ್ನು ಬೆರಳಲ್ಲೇ ಸರಿಸಿ ಇಣುಕುತ್ತಾರೆ. ಚಳಿಗಾಲವಿಡೀ ಉದುರದೆ ಕೆಂಪೇರಿ ಉಳಿದ ದುಂಡನೆಯ ಎಲೆಗಳ ನಡುವೆ ಮೊದಲ ಬಿಳಿ ಹೂ ತಲೆ ಬಗ್ಗಿಸಿ ನಿಂತಿದೆ. ‘ಬಂದ್ಯಾ? ಈ ಸಲ ಬಹಳ ತಡ ಮಾಡ್ದೆ,’ ಎಂದು ಅದನ್ನೇ ಗದರಿಸಿ, ಎಲೆಗಳನ್ನು ಮತ್ತೆ ಅದರ ಬುಡಕ್ಕೆ ಎಳೆಯುತ್ತಾರೆ.

ಒಕೋನಿ ಗಂಟೆ ಎಂಬ ಈ ಹೂವಿಗೆ ಕ್ಯಾರೊಲಿನಾ ಬೆಟ್ಟಗಳ ಕೆಲವೇ ಕಣಿವೆಗಳು ತವರು. ವರ್ಲೀನ್ ಹುಟ್ಟಿದ ಕಣಿವೆ ಅವರ ಬಾಲ್ಯದಲ್ಲೇ ಅಣೆಕಟ್ಟಿನ ನೀರಿನಡಿ ಹೋಯಿತು. ಊರವರೆಲ್ಲ ಬಾಗಿಲು, ಕಿಟಕಿ ಕಿತ್ತು ಲಾರಿಗೆ ಏರಿಸುತ್ತಿದ್ದಾಗ ತಾಯಿ ಅರ್ಡಿತ್ ಈ ಗಿಡಗಳನ್ನು ಮಣ್ಣಿನ ಸಮೇತ ಎಬ್ಬಿಸಿ, ಬಟ್ಟೆ ಒಗೆಯುವ ತೊಟ್ಟಿಗೆ ತುಂಬಿದರಂತೆ.

‘ಒಲೆ ಇಡಕ್ಕೇ ಜಾಗ ಇಲ್ಲ ಅಂತ ಅಪ್ಪ ಕೂಗಾಡ್ದ. ಒಲೆ ಅಂಗಡೀಲಿ ಸಿಗತ್ತೆ, ಇದನ್ನ ಎಲ್ಲಿಂದ ತರ್ತೀಯಾ ಅಂದ್ಲು ಅಮ್ಮ. ಒಲೆ ಅಲ್ಲೇ ಉಳೀತು,’ ಎಂದು ವರ್ಲೀನ್ ಈಗಲೂ ನಗುತ್ತಾರೆ.

ಎಡವಟ್ಟಾದದ್ದು ಹೊಸ ಮನೆಯಲ್ಲಿ. ಇಲ್ಲಿನ ಹಳಬರಿಗೆ ಅಂಗಳದಲ್ಲಿ ಒಂದು ಎಲೆ ಬಿದ್ದಿದ್ದರೂ ಮರ್ಯಾದೆ ಹೋದಂತೆ. ಶನಿವಾರ ಬಂತೆಂದರೆ ಬರಿ ಮಣ್ಣು ಕಾಣುವಂತೆ ಗುಡಿಸಬೇಕು. ಅರ್ಡಿತ್ ಗಿಡಗಳ ಸುತ್ತಲೂ ಹಾಗೆಯೇ ಗುಡಿಸಿದರು. ಬೇರು ಮೇಲ್ಮೇಲೆ ಹರಡುವ ಈ ಗಿಡಕ್ಕೆ ಕೊಳೆತೆಲೆಯೇ ಹೊದಿಕೆ. ಬೇಸಿಗೆಯ ಹೊತ್ತಿಗೆ ಅರ್ಧಕ್ಕರ್ಧ ಒಣಗಿದವು. ಪೊರಕೆ ತಲುಪದ ಬೇಲಿಮೂಲೆಯವು ಮಾತ್ರ ಹಸಿರಾಗಿದ್ದವು. ಅದನ್ನು ಕಂಡ ದಿನವೇ ಅರ್ಡಿತ್ ಪೊರಕೆ ಕೈಬಿಟ್ಟರು.

‘ಊರು ಮುಳುಗಿದ್ಮೇಲೆ ಅರ್ಡಿತ್ ಸೋಮಾರಿಯಾದ್ಲು ಅಂತ ಚರ್ಚಿನ ಬಾಗಿಲಲ್ಲೇ ಆಡ್ಕೊಂಡ್ರು. ಅಮ್ಮ ಮತ್ತೆ ಪೊರಕೆ ಮುಟ್ಲಿಲ್ಲ. ಹೂ ಬಿಟ್ಟಾಗ ಇಲ್ಲಿ ಕೂತ್ಕೊಂಡು ಕಾಫಿ ಕುಡಿಯೋಳು. ಅಷ್ಟು ಹೊತ್ತೂ ಆ ಊರಲ್ಲೇ ಇರೋಳು.’ ಇದನ್ನು ಹೇಳುತ್ತ ವರ್ಲೀನ್ ಇನ್ನೊಂದು ಹಿಡಿ ಎಲೆಯನ್ನು ಗಿಡದ ಬುಡಕ್ಕೆ ಸರಿಸುತ್ತಾರೆ.

ಆ ಬೇಲಿಮೂಲೆಯ ಗಿಡಗಳೇ ಇಂದು ತೊರೆಯುದ್ದಕ್ಕೂ ಹಬ್ಬಿವೆ. ಬೆಳಗಿನಿಂದ ಮಧ್ಯಾಹ್ನದವರೆಗೆ ವರ್ಲೀನ್ ಕೈಗೆ ಬಿಡುವಿಲ್ಲ. ನಲ್ಲಿ ನೀರು ಈ ಗಿಡಕ್ಕಾಗದು, ತೊರೆಯದನ್ನೇ ಬಕೆಟ್ಟಿನಲ್ಲಿ ಹೊರಬೇಕು. ಬೀಜವನ್ನು ಹಸಿಯಾಗಿದ್ದಾಗಲೇ ಪಾಚಿಯ ಮೇಲೆ ಉದುರಿಸಿ, ಹೂವಿಗಾಗಿ ವರ್ಷಗಟ್ಟಲೆ ಕಾಯಬೇಕು. ಗಿಡ ಕೇಳಿ ಬಂದವರಿಗೆ ಮೊದಲು ಮನೆಯ ನೆರಳಿನ ವಿಚಾರಣೆ. ‘ಬಿಸಿಲಿದ್ರೆ ಗುಲಾಬಿ ಹಾಕ್ಕೋ ಹೋಗು,’ ಎಂದು ಮುಲಾಜಿಲ್ಲದೆ ಕಳಿಸುತ್ತಾರೆ.

ಇಷ್ಟೆಲ್ಲ ಬೆಳೆಸಿದವರಿಗೆ ತಾಯಿಯ ಗೋರಿಯ ಮೇಲೆ ಒಂದು ಗಿಡ ಉಳಿಸಿಕೊಳ್ಳಲಾಗಿಲ್ಲ. ಚರ್ಚಿನ ಹಿಂದೆ, ತಂಪು ನೆರಳಿನಲ್ಲೇ ಅರ್ಡಿತ್ ಮಲಗಿದ್ದಾರೆ. ಆದರೆ ಮೇ ತಿಂಗಳಲ್ಲಿ ಹಿರಿಯರ ಗೋರಿಗೆ ಹೂವಿಡುವ ಭಾನುವಾರಕ್ಕೆ ಮುಂಚೆ ಎಲ್ಲ ಗೋರಿಗಳನ್ನೂ ಬರಿ ಮಣ್ಣು ಕಾಣುವಂತೆ ಕೆರೆಯುವುದು ಪದ್ಧತಿ. ಆ ಕೆಲಸ ಚಿಕ್ಕಮ್ಮನ ಮಗ ಹೋಯ್ಟ್‌ನದು. ವರ್ಲೀನ್ ನೆಟ್ಟದ್ದೆಲ್ಲ ಪ್ರತಿವರ್ಷ ಅವನ ಗುದ್ದಲಿಗೆ ಹೋಗಿದೆ. ಈ ವರ್ಷ ಮತ್ತೊಂದು ಗಿಡವನ್ನು ಮಣ್ಣಿನ ಸಮೇತ ಎಬ್ಬಿಸಿಟ್ಟಿದ್ದಾರೆ.

ಬೆಳಗಿನ ಕಾಫಿಗೆ ಬಂದ ಹೋಯ್ಟ್ ಅದನ್ನು ನೋಡಿ ತಲೆ ಕೆರೆದುಕೊಳ್ಳುತ್ತಾನೆ. ‘ದೊಡ್ಡಮ್ಮನ ಗೋರಿ ಮೇಲೆ ಕಸ ಬಿಟ್ರೆ ಜನ ಏನಂತಾರೆ ಅಕ್ಕಾ? ಹೆತ್ತೋಳನ್ನ ಮರೆತ್ಳು ಅಂತ ನಿನ್ನನ್ನೇ ಅಂತಾರೆ.’

‘ಅನ್ಲಿ ಬಿಡೋ. ಅಮ್ಮ ಅನ್ನಿಸ್ಕೊಳ್ಲಿಲ್ವಾ?’

ಹೋಯ್ಟ್ ಲೋಟ ಬರಿದು ಮಾಡಿ ಕೆಳಗಿಡುತ್ತಾನೆ. ಆಮೇಲೆ ಎದ್ದು ಖಾಲಿ ಬಕೆಟ್ಟಿಗೆ ಕೊಳೆತೆಲೆ ತುಂಬತೊಡಗುತ್ತಾನೆ. ‘ಮುಂದೆ ನಿನ್ನ ಗೋರೀನೂ ಹೀಗೇ ಬಿಡ್ಬೇಕಾ?’

‘ನನ್ನದನ್ನ ನಿನ್ನಿಷ್ಟ ಬಂದಷ್ಟು ಕೆರ್ಕೋ,’ ಎನ್ನುತ್ತಾರೆ ವರ್ಲೀನ್, ಗಿಡವನ್ನು ಎದೆಗವಚಿ ಏಳುತ್ತ. ‘ಅಮ್ಮನ ತಂಟೆಗೆ ಮಾತ್ರ ಹೋಗ್ಬೇಡ. ಅವಳ ಊರಿಂದು ಅಂತ ಉಳಿದಿರೋದು ಇದೊಂದೇ. ಇದನ್ನ ಹೊದ್ಕೊಂಡು ಮಲಗ್ಲಿ.’