ಆಷಾಢದಲ್ಲಿ ಹತ್ತಿದ ತೊಟ್ಟಿಲು

ನಮ್ಮ ಯಜಮಾನರಿಗೆ ಒಂದು ಚಾಳಿಯಿತ್ತು. ಬದನೆಕಾಯಿ ಕೊಳ್ಳಬೇಕಾದರೂ ಮೂರು ಸಂತೆ ತಿರುಗಿ ಬರುವವರು. ಮಂಡ್ಯದ್ದು ದುಬಾರಿ, ಮದ್ದೂರಿನದು ಬಾಡಿದೆ, ಮಳವಳ್ಳಿಯದು ಚೆನ್ನ ಆದರೆ ದೂರ ಎಂದು ವರದಿ ಒಪ್ಪಿಸಿ ಕೊನೆಗೆ ಏನೂ ತರದೆ ಬಂದು ಕೂರುವವರು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿಸುವ ಗುಮಾಸ್ತೆ ಕೆಲಸ. ಹಗಲೆಲ್ಲ ಗಾಡಿಗಾಡಿ ಕಬ್ಬು ತೂಗಿಸಿ ಬಂದು ಮನೆಯಲ್ಲೂ ಎಲ್ಲವನ್ನೂ ತೂಗಿಯೇ ನೋಡುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಮದುವೆಯಾದ ಮೊದಲ ವರ್ಷ, ಕೋಪಕ್ಕಿಂತ ನಗುವೇ ಹೆಚ್ಚು ಬರುತ್ತಿತ್ತು.

ನನ್ನ ತವರು ಮಳವಳ್ಳಿ, ಸೇರಿದ ಮನೆ ಮಂಡ್ಯಕ್ಕೆ ಅಂಟಿಕೊಂಡ ಒಂದು ಹಳ್ಳಿ. ಮನೆಯಲ್ಲಿ ನಾವಿಬ್ಬರು, ಜೊತೆಗೆ ನನ್ನ ಅತ್ತೆ. ಅತ್ತೆಗೆ ಗಂಡ ತೀರಿ ಬಹಳ ವರ್ಷವಾಗಿತ್ತು. ನಾಲೆ ಕೆಳಗಿನ ಗದ್ದೆಯನ್ನು ತಾವೇ ನಿಂತು ಮಾಡಿಸುತ್ತಿದ್ದರು. ಒಬ್ಬಳೇ ಮಗಳನ್ನು, ನನ್ನ ಯಜಮಾನರ ಅಕ್ಕನನ್ನು, ಮದ್ದೂರಿನಾಚೆ ಆತಗೂರಿಗೆ ಕೊಟ್ಟಿದ್ದರು. ಆ ಮಗಳೆಂದರೆ ಅತ್ತೆಗೆ ಪ್ರಾಣ. ಹೊಸ ಬೆಲ್ಲ ಬಂದರೆ ಮೊದಲ ಅಚ್ಚು ಆತಗೂರಿಗೆ, ಅವರೆಕಾಯಿ ಬಂದರೆ ಮೊದಲ ಮಡಿಲು ಆತಗೂರಿಗೆ.

ಆಷಾಢ ಹತ್ತಿರ ಬಂತು. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಗಂಡ ಹೆಂಡತಿ ಮುಖ ನೋಡಬಾರದು. ಮೀರಿದರೆ ಕೇಡು ತಟ್ಟುವುದು ಅತ್ತೆಗೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು, ನಮ್ಮ ಯಜಮಾನರಿಗೂ ಗೊತ್ತಿತ್ತು. ಆದರೂ ನಾನು ಗಂಟುಮೂಟೆ ಕಟ್ಟುತ್ತಿದ್ದಾಗ ಅವರು ಬಂದು, ನಡುವೆ ಒಂದು ದಿನ ಎಲ್ಲಾದರೂ ಸಿಗೋಣ, ತೊಟ್ಟಿಲು ರಾಟೆ ಹತ್ತೋಣ ಎಂದರು. ತೊಟ್ಟಿಲು ಕಟ್ಟಿ ಎತ್ತರಕ್ಕೆ ತಿರುಗಿಸುವ ಈ ರಾಟೆಯವರು ಆ ವರ್ಷ ನಮ್ಮ ಸೀಮೆಗೆಲ್ಲ ಬಂದಿದ್ದರು. ಎಲ್ಲಿ ಹತ್ತುವುದು ಎಂಬುದನ್ನೂ ಅವರು ಆಗಲೇ ತೂಗಿ ನೋಡಿದ್ದರು.

ಮಂಡ್ಯದ್ದು ಕಬ್ಬಿಣದ ರಾಟೆ, ಎಣ್ಣೆ ಇಂಜಿನ್ನಿನಿಂದ ತಿರುಗುವುದು, ಮೇಲೆ ಹೋದರೆ ಕಾರ್ಖಾನೆಯ ಚಿಮಣಿಯೇ ಎದುರಿಗೆ ಬರುವುದು. ಟಿಕೇಟು ಒಂದಾಣೆ. ಆದರೆ ಸಂಬಳದ ವಾರ ಅಲ್ಲಿ ಕಾಲಿಡಲು ಜಾಗವಿರದು, ನೂಕುನುಗ್ಗಲು, ಹೆಂಗಸರಿಗೆ ಬೇರೆ ತೊಟ್ಟಿಲು, ಗಂಡಸರಿಗೆ ಬೇರೆ. ಒಂದಾಣೆ ಕೊಟ್ಟು ಬೇರೆ ಬೇರೆ ತಿರುಗುವುದಕ್ಕೆ ಸಿಗುವುದಾದರೂ ಏಕೆ? ಮಳವಳ್ಳಿಯದು ಮರದ್ದು, ಕೈಯಲ್ಲಿ ತಳ್ಳುವುದು, ಬರೀ ಮೂರು ಕಾಸು, ಅಗ್ಗ. ಆದರೆ ಮಾಳಿಗೆ ಎತ್ತರಕ್ಕೂ ಏರದು, ಮೇಲಾಗಿ ಅಲ್ಲಿ ನನ್ನ ನೆಂಟರಿಷ್ಟರೇ ತುಂಬಿರುತ್ತಾರೆ. ಮದ್ದೂರಿನದೂ ಮರದ್ದೇ, ಆದರೆ ಎತ್ತರ. ಪಕ್ಕದಲ್ಲಿ ಮರದ ಕುದುರೆಗಳೂ ಇವೆ. ಆಷಾಢದ ಗಾಳಿಗೆ ಜನ ಬರುತ್ತಿಲ್ಲವೆಂದು ಟಿಕೇಟು ಅರ್ಧಾಣೆಗೆ ಇಳಿದಿದೆ. ಕಾಯುವ ಹಾಗಿಲ್ಲ, ತಳ್ಳಾಟವಿಲ್ಲ, ಇಬ್ಬರಿಗೇ ಒಂದು ತೊಟ್ಟಿಲು. ಮದ್ದೂರೇ ಸರಿ ಎಂದು ತೀರ್ಪಾಯಿತು. ಜೀವಮಾನದಲ್ಲಿ ಒಂದು ಸಲ ತೂಗಿ ನೋಡಿ ಏನನ್ನಾದರೂ ಆರಿಸಿದರಲ್ಲ ಎಂದು ನಾನೂ ತಲೆಯಾಡಿಸಿದೆ.

ಮದ್ದೂರಿನಲ್ಲಿ ನನ್ನ ಚಿಕ್ಕಮ್ಮನ ಮನೆಯಿತ್ತು. ಸೋದರಿಯ ಮಗಳು ಬಂದಳೆಂದು ಚಿಕ್ಕಮ್ಮ ಏನನ್ನೂ ಕೇಳಲಿಲ್ಲ. ಮಳವಳ್ಳಿಯಿಂದ ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಹೊಗೆ ಕುಡಿಯುತ್ತ ಬಂದವಳು ಮಾರನೇ ದಿನ ಸಂತೆಗೆ ಹೋಗಿಬರುತ್ತೇನೆಂದು ಹೊರಟೆ. ಯಜಮಾನರು ರೈಲಿಳಿದು ಬಂದು ಮೈದಾನದಲ್ಲಿ ಕಾಯುತ್ತಿದ್ದರು. ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಜನವೇ ಇರಲಿಲ್ಲ. ರಾಟೆಯವನು ನಮ್ಮನ್ನು ಬೀಗರನ್ನು ಕರೆದ ಹಾಗೆ ಕರೆದು ಕೂರಿಸಿದ, ಅರ್ಧಾಣೆಗೆ ಬೇಕಾದಷ್ಟು ತಿರುಗಿಸಿದ. ಮೇಲೆ ಹೋದಾಗ ಗಾಳಿ ಸೆರಗನ್ನು ಕಿತ್ತುಕೊಂಡು ಹೋಗುವಂತೆ ಬೀಸಿತು. ಶಿಂಷೆಯ ಬದಿಯ ತೋಪು, ರೈಲಿನ ಕಂಬಿ, ಹೆಂಚಿನ ಮಾಡುಗಳು ಕಂಡವು. ಹೆದರಿ ನಾನು ಅವರ ತೋಳು ಹಿಡಿದುಕೊಂಡೆ, ಜೋರಾಗಿ ನಕ್ಕೆ. ಮತ್ತೆ ಯಾವತ್ತೂ ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಜನ ಕಡಿಮೆಯಿದ್ದರೆ ಕಾಣಿಸಿಕೊಳ್ಳುವುದು ಸುಲಭ ಎಂಬುದನ್ನು ಮಾತ್ರ ಅವರು ತೂಗಿರಲಿಲ್ಲ. ಮಂಡ್ಯದ ಗುಂಪಿನಲ್ಲಿ ನಮ್ಮನ್ನು ಯಾರೂ ಗುರುತಿಸುತ್ತಿರಲಿಲ್ಲ. ಬಿಕೋ ಎನ್ನುವ ಆ ಮೈದಾನದಲ್ಲಿ ತಿರುಗುತ್ತಿದ್ದುದು ಒಂದೇ ತೊಟ್ಟಿಲು, ಅದರಲ್ಲಿದ್ದವರು ನಾವಿಬ್ಬರೇ.

ಮಳವಳ್ಳಿಗೆ ವಾಪಸು ಬಂದ ಮೇಲೆ ಸುದ್ದಿ ಬಂತು. ಅತ್ತೆ ನಾಲೆಯ ಪಾವಟಿಗೆಯಲ್ಲಿ ಪಾಚಿಗೆ ಜಾರಿ ಬಿದ್ದಿದ್ದರು. ಸೊಂಟ ಮುರಿದಿತ್ತು. ಬಿದ್ದದ್ದು ನಾವು ಮದ್ದೂರಿನಲ್ಲಿದ್ದ ದಿನವೇ. ಒಗೆದ ಬಟ್ಟೆಯ ಹೊರೆ ಹೊತ್ತಿದ್ದರಂತೆ. ಆ ಹೊರೆ ಹೊರುವುದು ನನ್ನ ಕೆಲಸವಾಗಿತ್ತು. ನಾನು ಅಡುಗೆಮನೆಯ ಮೂಲೆ ಸೇರಿ ಅತ್ತುಬಿಟ್ಟೆ. ನೋಡಲು ಹೋಗೋಣವೆಂದರೆ ಆಷಾಢ ಮುಗಿದಿರಲಿಲ್ಲ. ನಾನೇ ಮಾಡಿದ ಕೇಡು, ಈಗ ಮತ್ತೆ ಆ ಹೊಸಿಲು ತುಳಿದು ಅವರ ಉಳಿದ ಜೀವವನ್ನೂ ತೆಗೆಯುವುದೇ ಎಂದು ಹೆದರಿ, ತಟ್ಟೆಯಲ್ಲಿ ಅನ್ನ ಬಿಟ್ಟೇಳುತ್ತ ಶ್ರಾವಣದವರೆಗೂ ಕಾದೆ. ಅವ್ವ ಗಂಡನ ನೆನಪಿರಬೇಕೆಂದು ರೇಗಿಸುತ್ತಿದ್ದಳು. ಹೂಂ ಎನ್ನುತ್ತಿದ್ದೆ.

ಶ್ರಾವಣದಲ್ಲಿ ಹೋದಾಗ ಅತ್ತೆ ನಡುಮನೆಯಲ್ಲಿ ಮಲಗಿದ್ದರು. ನಾಟಿ ವೈದ್ಯ ಪಟ್ಟು ಕಟ್ಟಿದ್ದ. ಆರೈಕೆಗೆ ನಾದಿನಿ ಆತಗೂರಿನಿಂದ ಬಂದಿದ್ದಳು. ತನ್ನ ಮನೆ, ತನ್ನ ದನಕರು ಬಿಟ್ಟು ಬಂದು ತಾಯಿಯ ಮೈ ಒರೆಸಿ, ಎತ್ತಿ ಕೂರಿಸಿ, ತುತ್ತಿಟ್ಟು ನೋಡಿಕೊಂಡಿದ್ದಳು. ನನ್ನೊಡನೆ ಮಾತೇ ಆಡಲಿಲ್ಲ. ನಾನು ಗಂಜಿ ತಂದಾಗ ಬಟ್ಟಲನ್ನು ಕೈಯಿಂದ ತೆಗೆದುಕೊಂಡು, ತನ್ನೂರಿಗೆ ಬರುವ ಬಳೆಗಾರ್ತಿ ಕಂಡದ್ದನ್ನು ತಾಯಿಯ ಎದುರಿಗೇ ಹೇಳಿದಳು. ಮದ್ದೂರಿನ ರಾಟೆಯಲ್ಲಿ ಇವರಿಬ್ಬರೂ ಕೂತು ಕಿಲಕಿಲ ನಗುತ್ತಿದ್ದರು, ಅದೇ ಹೊತ್ತಿಗೆ ನೀನು ಇಲ್ಲಿ ಪಾವಟಿಗೆಯಲ್ಲಿ ಬಿದ್ದಿದ್ದೆ ಎಂದಳು.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಮಗಳ ಮುಖ ನೋಡಿದರು.

"ಕಳುಸ್ದೋಳು ನಾನೇ ಕಣವ್ವ. ಓಗಿ ಬರ್ಲಿ ಅಂತ ನಾನೇ ಏಳ್ದೆ" ಅಂದರು.

ಅವರಿಗೆ ಆ ವಿಷಯ ಗೊತ್ತಾದದ್ದೇ ಆ ಗಳಿಗೆಯಲ್ಲಿ. ನಾದಿನಿ ಬಟ್ಟಲನ್ನು ನೆಲಕ್ಕಿಟ್ಟಳು. ಹಾಗಾದರೆ ಕಳಿಸಿದವಳು ನೀನು, ಬಿದ್ದವಳೂ ನೀನು, ನೋಡಿಕೊಳ್ಳುವುದಕ್ಕೆ ನಿನ್ನ ಸೊಸೆಯಿದ್ದಾಳೆ ಎಂದು ಸೀರೆ ಗಂಟು ಕಟ್ಟಿಕೊಂಡು ಹೊರಟೇ ಹೋದಳು. ನಾನು ಓಡಿಹೋಗಿ ಬೀದಿಯಲ್ಲೇ ಅವಳನ್ನು ತಡೆದು, ನಿಮ್ಮಮ್ಮನಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅತ್ತೆಯ ಮಾತಿನ ಮರೆಯಲ್ಲಿ ನಿಂತೇ ಇದ್ದೆ. ಸುಳ್ಳೇಕೆ, ಒಳಗೊಳಗೇ ಉಸಿರು ಬಿಟ್ಟೆ.

ಸಂಜೆ ಕಾಲಿಗೆ ಎಣ್ಣೆ ತಿಕ್ಕುತ್ತ, ಹೀಗೇಕೆ ಮಾಡಿದಿರಿ ಅತ್ತೆ, ಮಗಳನ್ನೇ ಕಳಕೊಂಡಿರಲ್ಲ ಎಂದು ಕೇಳಿದೆ.

"ಅವ್ಳು ನನ್ ಒಟ್ಟೇಲಿ ಉಟ್ದೋಳು ಕಣ್ ಮಗ. ಕ್ವಾಪ ಇಳುದ್ಮ್ಯಾಲೆ ಬತ್ತಾಳೆ. ನೀನು ಮುನುಸ್ಕೊಂಡು ಓದ್ರೆ ಬತ್ತೀಯಾ?"

ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಎದುರಾಡಿ ಹಗುರಾಗುತ್ತಿದ್ದೆ. ಯಜಮಾನರಂತೂ ಆ ವಿಷಯ ಎತ್ತಿದರೆ ಸಾಕು, ಎದ್ದು ಗದ್ದೆ ಕಡೆಗೆ ಹೋಗುತ್ತಿದ್ದರು. ಸಂತೆಗಳನ್ನು ಹೋಲಿಸುವುದನ್ನೂ ಬಿಟ್ಟರು. ಮೊದಲು ಸಿಕ್ಕ ಅಂಗಡಿಯಲ್ಲೇ ಕೊಂಡು ತರತೊಡಗಿದರು.

ಗೌರಿ ಹಬ್ಬ ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬಂದು ತಾಯಿಯ ಕೈಯಿಂದ ಮೊರದ ಬಾಗಿನ ತೆಗೆದುಕೊಳ್ಳುವ ಹಬ್ಬ. ಅತ್ತೆ ನನ್ನಿಂದ ಮೊರಕ್ಕೆ ಅರಿಸಿನ ಹಚ್ಚಿಸಿ, ಬಳೆ, ಬಿಚ್ಚೋಲೆ, ರವಿಕೆಕಣ, ಅಕ್ಕಿ, ಬೆಲ್ಲ ಇಡಿಸಿದರು. ತಮ್ಮನ್ನು ಎತ್ತಿ ಜಗಲಿಯಲ್ಲಿ ಕೂರಿಸಲು ಹೇಳಿದರು. ಬೆಳಗಿನಿಂದ ಬೀದಿ ನೋಡುತ್ತ ಕೂತರು. ಬೇರೆ ಮನೆಗಳ ಹೆಣ್ಣುಮಕ್ಕಳೆಲ್ಲ ಬಂದರು. ದೀಪ ಹಚ್ಚಿದ ಮೇಲೆ, ಒಳಗೆ ಕರಕೊಂಡು ಹೋಗು ಎಂದರು.

ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಆ ಮೊರವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನಾನೇ ಹೊರಟೆ. ಬಾಗಿನ ಒಯ್ಯುವುದು ತಮ್ಮನ ಕೆಲಸ, ನಾನು ಬರುತ್ತೇನೆ ಎಂದು ಯಜಮಾನರು ಅಂದರು. ಬೇಡವೆಂದೆ. ಮದ್ದೂರಿನಲ್ಲಿ ರೈಲಿಳಿದು, ಆ ಮೈದಾನದ ಕಡೆ ತಿರುಗಿಯೂ ನೋಡದೆ, ಆತಗೂರಿನ ಕಡೆಗೆ ಹೊರಟಿದ್ದ ಗಾಡಿಯೊಂದನ್ನು ಹತ್ತಿ ನಾದಿನಿಯ ಮನೆ ಸೇರಿದೆ. ಅವಳು ಹಸುವಿಗೆ ಮೇವು ಹಾಕುತ್ತಿದ್ದಳು. ಹೊಸಿಲ ಹೊರಗೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ನಾವೇ ಕದ್ದು ಹೋದದ್ದು, ನಿಮ್ಮಮ್ಮನಿಗೆ ಗೊತ್ತೇ ಇರಲಿಲ್ಲ, ತಪ್ಪು ನನ್ನದು, ಕೋಪವಿದ್ದರೆ ನನ್ನ ಮೇಲಿರಲಿ ಎಂದು ಅಳುತ್ತ ಮೊರವನ್ನು ಮುಂದಿಟ್ಟೆ.

ಅವಳು ಕೈ ತೊಳೆದುಕೊಂಡಳು. ಮೊರಕ್ಕೆ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. ನನಗೆ ನೀರು ಕೊಟ್ಟಳು.

"ಅವ್ವಂಗೆ ಗೊತ್ತಿರ್ನಿಲ್ಲ ಅಂತ ಅವತ್ತೇ ನಂಗೊತ್ತಾಯ್ತು ಕಣಮ್ಮ. ಅವಳ ಮಕ ನೋಡುದ್ರೆ ನಂಗೊತ್ತಾಗಲ್ವಾ? ನಿಂಗೋಸ್ಕರ ನನ್ ಮುಂದೆ ಸುಳ್ಳೇಳುದ್ಲಲ್ಲ, ಅದುಕ್ಕೆ ನಾನು ಬರ್ನಿಲ್ಲ."

ನಾನು ಹೊತ್ತು ತಂದ ಮಾತು ಅವಳಿಗೆ ಬೇಕಾಗಿರಲೇ ಇಲ್ಲ. ಕೊಟ್ಟು ಹಗುರಾಗೋಣವೆಂದು ಬಂದಿದ್ದೆ. ಹಾಗೇ ಹೊತ್ತು ಹೊರಟೆ. ಹೊರಡುವಾಗ ಅವಳು ಅವ್ವ ಈಗ ಎದ್ದು ಕೂರ್ತಾಳಾ ಎಂದು ಕೇಳಿದಳು. ಕೂರ್ತಾರೆ ಎಂದೆ. ಅವಳು ಮತ್ತೆ ಹಸುವಿನ ಕಡೆಗೆ ಹೋದಳು.

ಮನೆ ಮುಟ್ಟಿದಾಗ ಅತ್ತೆ ಜಗಲಿಯಲ್ಲೇ ಇದ್ದರು. ಯಾರನ್ನು ಹಿಡಿದುಕೊಂಡು ಅಲ್ಲಿಗೆ ಬಂದು ಕೂತಿದ್ದರೋ ತಿಳಿಯದು. ನನ್ನನ್ನು ಕಂಡು ಬಂದೆಯಾ ಎಂದರು. ಹೂಂ ಎಂದೆ. ಆಮೇಲೂ ಅವರು ಕತ್ತು ವಾಲಿಸಿ ನನ್ನ ಬೆನ್ನ ಹಿಂದಿನ ಬೀದಿಯನ್ನೇ ನೋಡುತ್ತಿದ್ದರು.