ಬಿಸಿ ಮಾಡಿ ನೋಡಿರಲಿಲ್ಲ

ಸವಿತಾ, ನಿನ್ನ ಹರಳುಗಳು ಕೆಟ್ಟಿರಲಿಲ್ಲ. ನಾನು ಸುಳ್ಳು ಹೇಳಿದೆ—ಹಾಸನದ ನಮ್ಮ ಕಾಲೇಜಿನ ಸಭಾಂಗಣದಲ್ಲಿ, ಎಲ್ಲರೆದುರು, ನಿನ್ನ ಮಾರ್ಗದರ್ಶಕಿಯಾಗಿ ಕೂತು. ಏಳು ವರ್ಷವಾಯಿತು.

ನಾವು ಲ್ಯಾಬಿನಲ್ಲಿ ಬೆಳೆಸುವ ಪೆರೋವ್‌ಸ್ಕೈಟ್ ಹರಳನ್ನು ತಣಿಸುತ್ತ ಹೋದರೆ ಒಂದು ಹಂತದಲ್ಲಿ ಅದರೊಳಗಿನ ಪರಮಾಣುಗಳ ಜೋಡಣೆ ಓರೆಯಾಗುತ್ತದೆ. ಅದು ಸೂಸುವ ಬೆಳಕಿನ ಬಣ್ಣವೂ ಬದಲಾಗುತ್ತದೆ. ಅಷ್ಟನ್ನು ನಾನು ಅಳೆದಿದ್ದೆ. ತಿರುಗಿ ಬಿಸಿ ಮಾಡುತ್ತ ಅಳೆಯುವ ಹೊತ್ತಿಗೆ, ಹರಳನ್ನು ತಣ್ಣಗಿಡುವ ದ್ರವ ಸಾರಜನಕ ಮುಗಿದಿತ್ತು. ಹೋರಿಯ ವೀರ್ಯ ಕೆಡದಂತಿಡಲು ದನದ ಆಸ್ಪತ್ರೆಗಳಿಗೆ ಅದನ್ನು ಹಂಚುತ್ತ ಚನ್ನರಾಯಪಟ್ಟಣದ ಕಡೆಯಿಂದ ಬರುವ ಗಾಡಿಯೇ ನಮಗೂ ಒಂದು ಕ್ಯಾನ್ ತುಂಬಿಕೊಡುತ್ತಿತ್ತು. ಮುಂದಿನ ಗಾಡಿಗೆ ಹದಿನೈದು ದಿನ. ಕಾಯುವ ತಾಳ್ಮೆ ನನಗೆಲ್ಲಿ? ‘ಬಿಸಿ ಮಾಡುವಾಗಲೂ ಅದೇ ಉಷ್ಣಾಂಶದಲ್ಲಿ ಬಣ್ಣ ಮರಳುತ್ತದೆ’ ಎಂದು ಬರೆದು ಪ್ರಬಂಧವನ್ನು ಸಂಶೋಧನಾ ಪತ್ರಿಕೆಗೆ ಕಳಿಸಿಬಿಟ್ಟೆ. ಅಚ್ಚಾಯಿತು. ಬಡ್ತಿಯೂ ಬಂತು.

ನೀನು ಕಾದೆ. ದಿನಾ ಅರಕಲಗೂಡಿನಿಂದ ಮೊದಲ ಬಸ್ಸಿಗೆ ಬಂದು ಅಳೆದೆ. ಆಮೇಲೆ ಸಂಶೋಧನೆಯ ವರದಿ ಒಪ್ಪಿಸುವ ನಿನ್ನ ಸರದಿ ಬಂದಾಗ ಸಭೆಯಲ್ಲಿ ನಿಂತು ಹೇಳಿದೆ: “ಬಿಸಿ ಮಾಡ್ವಾಗ ಅದೇ ಜಾಗದಲ್ಲಿ ಬಣ್ಣ ತಿರುಗ್ತಿಲ್ಲ ಮೇಡಂ. ಬಿಸಿ ಇನ್ನೂ ಮೇಲಕ್ ಓಗ್ಬೇಕು. ಮೂರ್ ಸಲ ಮಾಡ್ದೆ, ಅಂಗೇ ಬತ್ತದೆ.”

ನನ್ನ ಹೆಸರನ್ನು ನೀನು ಎತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಈ ಮಹಾತಾಯಿ. “ಒದ್ದೆ ಕೈಯಲ್ಲಿ ಹರಳು ಮುಟ್ಟಿ ಕೆಡಿಸಿದವರಿಗೆ ಎಂಥ ಬೆಳಕು ಬೇಕಾದರೂ ಕಾಣುತ್ತೆ” ಅಂದೆ. ಜನ ನಕ್ಕರು. ನನ್ನ ಮರ್ಜಿ ನೋಡಿ ನಗುವ ಆ ಗಿಂಡಿಮಾಣಿಗಳ ಮೇಲೆ ಇವತ್ತಿಗೂ ನನಗೆ ಉರಿಯುತ್ತದೆ—ಆದರೆ ನಗಿಸಿದವಳು ನಾನು. ನೀನು ತಿಂಗಳೊಳಗೆ ಪಿಎಚ್‌ಡಿ ಬಿಟ್ಟು ಹೋದೆ.

ಇನ್ನೂ ಹೇಸಿಗೆಯದು ಕೇಳು. ನೀನು ಹೋದ ಮೇಲೆ ಬಾಗಿಲು ಹಾಕಿಕೊಂಡು, ನಿನ್ನ ಹರಳನ್ನೇ ಇಟ್ಟು ಅಳೆದೆ. ನೀನು ಹೇಳಿದ ಹಾಗೆಯೇ ಬಂತು. ಹಳೆಯ ಜೋಡಣೆಯನ್ನು ಹರಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನನಗೆ ಗೊತ್ತಾಯಿತು, ಮತ್ತು ನಾನು—ಏನೂ ಮಾಡಲಿಲ್ಲ. ಮನೆಗೆ ಹೋಗಿ ಊಟ ಮಾಡಿದೆ.

ಮೊನ್ನೆ ಹೊಸ ವಿದ್ಯಾರ್ಥಿನಿಯೊಬ್ಬಳು ನನ್ನ ಪ್ರಬಂಧದ ಆ ಸಾಲನ್ನು ನಂಬಿ, ತನ್ನ ಅಳತೆಯೇ ತಪ್ಪೆಂದು ವರ್ಷದ ಹರಳುಗಳನ್ನೆಲ್ಲ ಬಿಸಾಡಿದಳು. ಆಗ ನೀನೀಗ ಪಾಠ ಮಾಡುವ ಹೊಳೆನರಸೀಪುರದ ಹೈಸ್ಕೂಲಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನೀನು ಕೇಳಿದೆ:

“ನಂಗ್ಯಾಕ್ ಹೇಳ್ತೀರಿ ಮೇಡಂ? ನಂಗ್ ಗೊತ್ತಿತ್ತಲ್ಲ. ಗೊತ್ತಿಲ್ದೋರ್ಗೆ ಹೇಳಿ.”

ಪ್ರಬಂಧ ಹಿಂತೆಗೆದುಕೊಳ್ಳುವುದಾಗಿ ಪತ್ರಿಕೆಗೆ ಬರೆದಿದ್ದೇನೆ. ಸೋಮವಾರ ಹನ್ನೊಂದಕ್ಕೆ ಅದೇ ಸಭಾಂಗಣದಲ್ಲಿ ನಿನ್ನ ಹೆಸರು ಹೇಳಿ, ನನ್ನ ಸುಳ್ಳನ್ನೂ ಹೇಳುತ್ತೇನೆ. ನೀನೊಬ್ಬಳು ಬರದಿದ್ದರೆ ಸಾಕು ಎಂದು ಒಳಗೊಳಗೇ ಅನ್ನಿಸುತ್ತಿದೆ—ಥೂ, ನನ್ನ ಜನ್ಮಕ್ಕೆ. ಅದಕ್ಕೇ ಈ ಕಾಗದ. ಬಾ. ಮುಂದಿನ ಸಾಲಿನಲ್ಲೇ ಕೂತುಕೋ.