ರವೆ ಕುಣಿಯುವ ಡಬ್ಬಿ

ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲಿ ಎಳೆಯ ಮಕ್ಕಳ ಕಲಿಕೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಶ್ರೀಮತಿ ಗುರುಬಸವ್ವ ಟೀಚರ್ ಅವರದು. ಅಕ್ಷರ ತಿದ್ದಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಕ್ಷರಕ್ಕೂ ಮೊದಲು ಮಗುವಿನ ಕೈಗೆ ಬಣ್ಣವನ್ನೂ ನೀರನ್ನೂ ನೆರಳನ್ನೂ ಒಪ್ಪಿಸಿ, ‘ನೀನ ನೋಡು’ ಎಂದು ಪಕ್ಕದಲ್ಲಿ ಸುಮ್ಮನೆ ಕೂರುವವರು ವಿರಳ. ಮೂವತ್ತೆರಡು ವರ್ಷ ಹಾಗೆ ಕೂತ ಟೀಚರ್ ಈ ವರ್ಷ ಅಂಗನವಾಡಿ ಸೇವೆಯಿಂದ ನಿವೃತ್ತರಾಗಿದ್ದಾರೆ.

ಹುನ್ನೂರಿನ ಒಕ್ಕಲು ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಬನಹಟ್ಟಿಗೆ ಬಂದ ಅವರಿಗೆ ಮೊದಮೊದಲು ಮಗ್ಗದ ಸದ್ದಿನಲ್ಲಿ ತಮ್ಮ ಮಾತೇ ತಮಗೆ ಕೇಳುತ್ತಿರಲಿಲ್ಲವಂತೆ. ಆದರೆ ಆ ಮಗ್ಗಗಳ ಕೆಳಗೆ ಬಿದ್ದ ನೂಲಿನ ಚಿಂದಿಯೇ ಅವರ ಬಂಡವಾಳವಾಯಿತು. ಅದನ್ನು ಅರಿಸಿನದ ನೀರಿನಲ್ಲಿ, ಬೀಟ್‌ರೂಟಿನ ರಸದಲ್ಲಿ ಅದ್ದಿ ಮಕ್ಕಳು ಬಿಸಿಲಿಗೆ ಹರವುತ್ತಿದ್ದರು. ಹನ್ನೊಂದು ಗಂಟೆಯ ಬೆಳಕಿನಲ್ಲಿ ಅಂಗಳ ತುಂಬ ಹಳದಿ, ಕೆಂಪು, ಎರಡೂ ಕೂಡಿದ ಕಿತ್ತಳೆ. ನಡುವೆ ಬಣ್ಣದ ಕೈಗಳನ್ನು ಗೋಡೆಗೆ ಒತ್ತುವ ಮೂರು ವರ್ಷದ ಕಲಾವಿದರು. ಆ ಗೋಡೆಗೆ ಸುಣ್ಣ ಬಳಿಯಲು ಟೀಚರ್ ಎಂದೂ ಒಪ್ಪಲಿಲ್ಲ.

ಒಮ್ಮೆ ತಪಾಸಣೆಗೆ ಬಂದ ಮೇಲ್ವಿಚಾರಕಿಗೆ ಕಂಡದ್ದು ಗಾಜಿನ ಲೋಟದ ಸುತ್ತ ಉಸಿರು ಬಿಗಿಹಿಡಿದು ಕೂತ ಹದಿನೆಂಟು ಮಕ್ಕಳು ಮತ್ತು ಅವರಷ್ಟೇ ಮೈಮರೆತ ಒಬ್ಬ ಟೀಚರ್.

“ಟೀಚರ, ಏನ್ ಮಾಡಾಕತ್ತೀರಿ?”

“ಬೆಲ್ಲ ಕರಗೂದ ನೋಡಾಕತ್ತೇವ್ರಿ. ಇನ್ನೊಂಚೂರು ಉಳದೈತಿ, ನೀವೂ ಕುಂದರ್ರಿ.”

ಪಾಪ, ಆ ಅಧಿಕಾರಿಯೂ ಕೂತರು! ಕೊನೆಯ ಚೂರು ಮಾಯವಾಗಿ ಮಕ್ಕಳೆಲ್ಲ ಕೂಡಿ “ಆತು!” ಎಂದು ಕೂಗಿದಾಗ ಅವರೂ ಕೂಗಿದರೆಂದು ಹೇಳುತ್ತಾರೆ. ಹಾಜರಿ ಪುಸ್ತಕ ಅವತ್ತು ಖಾಲಿಯೇ ಉಳಿಯಿತು.

ಇಂಥ ಕನಸುಗಾರ್ತಿಯೂ ಒಂದು ತಪ್ಪು ಮಾಡಿದರು. ಒಂಬತ್ತು ವರ್ಷಗಳ ಹಿಂದೆ ಓಣಿಯ ಮರೆವ್ವನ ಮೊಮ್ಮಗಳು ಕಾವ್ಯ ಅಂಗನವಾಡಿಗೆ ಬಂದಳು. ಮೂರೂವರೆ ವರ್ಷ, ಹೊಳೆಯುವ ಕಣ್ಣು, ಬಾಯಲ್ಲಿ ಮಾತಿಲ್ಲ. ಕರೆದರೆ ಒಮ್ಮೊಮ್ಮೆ ಓಡಿಬರುವಳು, ಒಮ್ಮೊಮ್ಮೆ ತಿರುಗಿಯೂ ನೋಡಳು. ಬಲು ಹಟದ ಹುಡುಗಿಯೆಂದು ಎಣಿಸಿದ ಟೀಚರ್ ಒಂದು ದಿನ, ನಾಲ್ಕು ಸಲ ಕರೆದರೂ ಬಾರದವಳಿಗೆ ಬಣ್ಣ ಕೊಡದೆ ಮೂಲೆಗೆ ಕೂರಿಸಿದರು. ಅದೊಂದು ದಿನಕ್ಕಾಗಿ ಅವರು ಇಂದಿಗೂ ತಮ್ಮನ್ನು ಕ್ಷಮಿಸಿಕೊಂಡಿಲ್ಲ.

ಕೆಲವೇ ದಿನಗಳ ಮೇಲೆ ಡಬ್ಬಿಯ ಆಟ ಬಂತು. ಖಾಲಿ ಡಬ್ಬಿಯ ಬಾಯಿಗೆ ಬಲೂನು ಕತ್ತರಿಸಿ ಬಿಗಿದು, ಮೇಲೆ ಬಣ್ಣದ ರವೆ ಉದುರಿಸಿ, ಹತ್ತಿರದಲ್ಲಿ ಊಟದ ತಾಟು ಬಡಿದರೆ ರವೆ ಎದ್ದು ಕುಣಿಯುತ್ತದೆ. ಸದ್ದನ್ನು ಕಣ್ಣಿಗೆ ತೋರಿಸುವ ಆಟ ಅದು. ಅಷ್ಟರಲ್ಲಿ ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಟೀಚರ್ ಮಕ್ಕಳ ಬೆನ್ನ ಹಿಂದೆ ನಿಂತು ಜೋರಾಗಿ ತಾಟು ಬಡಿದರು. ಎಲ್ಲರೂ ಬೆಚ್ಚಿ ಹಿಂದೆ ತಿರುಗಿದರು. ಕಾವ್ಯ ಮಾತ್ರ ಕುಣಿಯುವ ರವೆಯನ್ನೇ ನೋಡಿ ನಗುತ್ತಾ, ಕುಣಿಸಿದವರು ಯಾರೆಂದು ಡಬ್ಬಿಯ ಕೆಳಗೆ ಹುಡುಕಿದಳು. ಟೀಚರ್ ಕೈಯಿಂದ ತಾಟು ಜಾರಿತು. ಅದು ಬಿದ್ದ ಸದ್ದಿಗೂ ಹುಡುಗಿ ತಿರುಗಲಿಲ್ಲ.

ಮನೆಯವರಿಗೆ ಹೇಗೆ ತಿಳಿದಿರಲಿಲ್ಲ ಎಂದು ಹೊರಗಿನವರು ಕೇಳಬಹುದು. ಮಗ್ಗದ ಮನೆಯಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ. ಹೆಬ್ಬೆರಳು ತುಟಿಗೆ ಹೋದರೆ ಚಹಾ, ಎರಡು ಬೆರಳು ಎತ್ತಿದರೆ ನೂಲು ಸುತ್ತಿದ ಕಂಡಿಕೆ, ಉಳಿದದ್ದೆಲ್ಲ ತುಟಿಯ ಚಲನೆ. ಕಾವ್ಯ ಅದರಲ್ಲಿ ಎಲ್ಲರಿಗಿಂತ ಚುರುಕು. ಆದ್ದರಿಂದ ಟೀಚರ್ ವಿಷಯ ತೆಗೆದಾಗ ಮರೆವ್ವ ಸಿಡಿದೆದ್ದರು.

“ನಮ್ಮ ಕೂಸಿಗೆ ಕಿವಿ ಕೇಳಂಗಿಲ್ಲ ಅಂತೀರೇನ್ರಿ? ನಿನ್ನೆ ಚಾ ತಾ ಅಂದ್ರ ತಂದ ಕೊಟ್ಟಾಳ! ಹೆಣ್ಣ ಹುಡಿಗಿಗೆ ಹಿಂತಾ ಹೆಸರ ಹಚ್ಚಬ್ಯಾಡ್ರಿ.”

ಎಂಟು ದಿನ ಕಾವ್ಯ ಬರಲಿಲ್ಲ. ತಡವಾದಷ್ಟೂ ಮಾತು ಕಲಿಯುವ ವಯಸ್ಸು ಕೈತಪ್ಪುತ್ತದೆಂದು ಬಲ್ಲ ಟೀಚರ್‌ಗೆ ಆ ಎಂಟು ದಿನ ಅನ್ನ ಇಳಿಯಲಿಲ್ಲ. ಒಂಬತ್ತನೆಯ ದಿನ ಡಬ್ಬಿ ಹಿಡಿದುಕೊಂಡು ಆ ಮನೆಗೇ ಹೋದರು.

“ಮರೆವ್ವಾರ, ಮಗ್ಗ ಒಂದ್ ಗಳಿಗಿ ನಿಲ್ಲಸ್ರಿ. ಹಿಂದ ನಿಂತ ನೀವ ಕರೀರಿ. ತಿರಗಿದ್ಲಂದ್ರ ನಾ ಮತ್ತ ಈ ಹೊಸ್ತಿಲಾ ತುಳ್ಯಂಗಿಲ್ಲ.”

ಮಗ್ಗ ನಿಂತಿತು. ಕಾವ್ಯ ರವೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದಳು. ಅಜ್ಜಿ ಒಮ್ಮೆ ಕರೆದರು, ಮತ್ತೊಮ್ಮೆ ಕರೆದರು. ಮೂರನೆಯ ಸಲದ ಕೂಗಿಗೆ ರವೆ ನಡುಗಿತು. ಹುಡುಗಿ ಕಣ್ಣರಳಿಸಿ ಅದನ್ನೇ ನೋಡುತ್ತಾ ಕೂತಳು. ಮರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಮೊಮ್ಮಗಳ ಪಕ್ಕ ಬಂದು ಕೂತರು. ಮರುದಿನ ಮೂವರೂ ಕಿವಿ ತೋರಿಸಲು ಬಾಗಲಕೋಟೆಯ ಬಸ್ಸು ಹತ್ತಿದರು.

ಕಿವಿಗೆ ಮಷಿನ್ ಬಂತು; ಮಾತು ಬರಲು ಮಾತ್ರ ಮತ್ತೊಂದು ವರ್ಷ ಹಿಡಿಯಿತು. ದಿನವೂ ಕಾವ್ಯ ಡಬ್ಬಿಗೆ ಬಾಯಿ ಹತ್ತಿರ ತಂದು ದನಿ ತೆಗೆಯುವಳು, ರವೆ ಕುಣಿಯುವುದು, ಅವಳೂ ಟೀಚರೂ ನಗುವರು. ಒಂದು ಬೆಳಿಗ್ಗೆ ಲೋಟದಲ್ಲಿ ಬೆಲ್ಲದ ಕೊನೆಯ ಚೂರು ಕರಗಿದಾಗ, ಉಳಿದವರಿಗಿಂತ ಒಂದು ಕ್ಷಣ ತಡವಾಗಿ, ಒಂದು ಹೊಸ ದನಿ “ಆತು” ಎಂದಿತು. ಟೀಚರ್ ಎದ್ದು ಹೊರಗೆ ಹೋಗಿ, ಒಣಗುತ್ತಿದ್ದ ಹಳದಿ ನೂಲಿನ ನಡುವೆ ನಿಂತು ಮನಸಾರೆ ಅತ್ತರು.

ಬೀಳ್ಕೊಡುಗೆಯ ದಿನ ಏಳನೆಯ ತರಗತಿಯ ಕಾವ್ಯ ಅಜ್ಜಿಯೊಂದಿಗೆ ಬಂದಿದ್ದಳು. ಹಾರ, ಶಾಲು ಮುಗಿದ ಮೇಲೆ ಹಿಂದಿನಿಂದ “ಟೀಚರ್ರೀ” ಎಂದು ಕರೆದಳು. ಟೀಚರ್ ತಿರುಗಲಿಲ್ಲ. ಮತ್ತೆ ಕರೆದಳು. ಮೂರನೆಯ ಸಲವೂ ತಿರುಗದಿದ್ದಾಗ ಹುಡುಗಿಯ ಮುಖ ಬದಲಾಯಿತು. ಅವಳು ಕಪಾಟಿನಿಂದ ಹಳೆಯ ಡಬ್ಬಿ ತಂದು ಟೀಚರ್ ಎದುರು ಹಿಡಿದು, ಅವರ ಅಂಗೈಯನ್ನು ಅದರ ಮೇಲೆ ಇಟ್ಟು, ಬಾಯಿ ಹತ್ತಿರ ತಂದು ಹೇಳಿದಳು:

“ಟೀಚರ, ನಿಮ್ಮ ಕಿವಿ ತೋರಸೂನ್ರಿ. ಸೋಮಾರ ನಾನ ಕರ್ಕೊಂಡ ಹೋಗ್ತೇನಿ.”

“ಏ, ನನಗೇನ್ ಆಗೈತಿ? ಕಿವುಡಿ ಅಂತ ಹೆಸರ ಹಚ್ಚತೀಯೇನ?”

ಎಲ್ಲರಿಗಿಂತ ಮೊದಲು ನಕ್ಕವರು ಮರೆವ್ವ. ನಕ್ಕು ಕಣ್ಣೊರೆಸಿಕೊಂಡವರೂ ಅವರೇ.

ಸೋಮವಾರ ಅವರಿಬ್ಬರೂ ಹೋಗಿ ಬಂದಿದ್ದಾರೆ. ಟೀಚರ್ ಕಿವಿಗೂ ಈಗ ಮಷಿನ್ ಇದೆ. ನಿವೃತ್ತಿಯಾದರೂ ಹನ್ನೊಂದರ ಬಿಸಿಲಿಗೆ ಅವರು ಅಂಗನವಾಡಿಯ ಅಂಗಳದಲ್ಲೇ ಸಿಗುತ್ತಾರೆ. ಇನ್ನೂ ಬಹಳ ವರ್ಷ ಆ ಅಂಗಳದ ಮಕ್ಕಳು ಅವರನ್ನು ಹಿಂದಿನಿಂದ ಕರೆಯುತ್ತಿರಲಿ, ಮೊದಲ ಕರೆಗೇ ಅವರು ತಿರುಗಿ ನೋಡುತ್ತಿರಲಿ.